ಕವಚದ ಮಹಿಮೆಯೂ ಕಾರ್ಖಾನೆಯ ಲೆಕ್ಕವೂ

ಕರ್ಣನ ಕವಚವು ಹುಟ್ಟಿನೊಡನೆ ಬಂದುದು. ಅದನ್ನು ಯಾವ ಕಮ್ಮಾರನೂ ಬಡಿದಿರಲಿಲ್ಲ. ಯಾವ ಪರೀಕ್ಷಕನೂ ಒರೆಗೆ ಹಚ್ಚಿರಲಿಲ್ಲ. ಆದುದರಿಂದ ಅದರ ಮಾಟದಲ್ಲಿ ಎಲ್ಲಿಯಾದರೂ ಬಿರುಕಿದ್ದೀತೆಂಬ ಶಂಕೆಗೆ ಎಡೆಯೇ ಇರಲಿಲ್ಲ. ಅಧಿಕೋಷ್ಣದ ಪರಮಾಣು ರಿಯಾಕ್ಟರುಗಳ ಪಕ್ಷವನ್ನು ವಹಿಸಿ ಇತ್ತೀಚೆಗೆ ಮಾತನಾಡುತ್ತಿರುವವರು ತಮ್ಮ ಇಂಧನಕಣದ ಕವಚವನ್ನು ವರ್ಣಿಸುವ ರೀತಿಯನ್ನು ನೋಡಿದರೆ, ಅದು ಕೂಡ ಕರ್ಣನ ಕವಚದಂತೆ ಸಹಜವಾದುದು, ಸೂರ್ಯದತ್ತವಾದುದು ಎಂದೇ ಕೇಳುವವರು ಭ್ರಮಿಸಬೇಕು. ಈ ಇಂಧನವು ಕರಗುವುದಿಲ್ಲ, ಒಡೆಯುವುದಿಲ್ಲ, ವಿಷವನ್ನು ಹೊರಗೆ ಬಿಡುವುದಿಲ್ಲ ಎಂದು ಅವರ ಘೋಷಣೆ. ಭೂಮಂಡಲದಲ್ಲಿ ಇದಕ್ಕಿಂತ ಗಟ್ಟಿಯಾದ ಪರಮಾಣು ಇಂಧನವಿಲ್ಲವೆಂದು ಅಮೆರಿಕಾ ಸರ್ಕಾರದ ಶಕ್ತಿ ಇಲಾಖೆಯೇ ಸಾರಿದೆ. ಇಷ್ಟಕ್ಕೇ ನಿಂತಿದ್ದರೆ ಅದನ್ನು ಉತ್ಸಾಹದ ಮಾತೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಈ ಸ್ತುತಿಯ ಬೆನ್ನಿಗೇ ಒಂದು ಬೇಡಿಕೆ ಬರುತ್ತಿದೆ: ಕಣಕ್ಕೆ ಇಂಥ ಕವಚವಿರುವಾಗ ರಿಯಾಕ್ಟರಿನ ಸುತ್ತ ಗಾಳಿಯಾಡದ ದೊಡ್ಡ ಕಾಂಕ್ರೀಟು ಗುಮ್ಮಟವೇಕೆ? ಸುತ್ತಮುತ್ತಣ ಊರುಗಳಿಗೆ ಆಪತ್ಕಾಲದ ಏರ್ಪಾಡುಗಳೇಕೆ? ಈ ಬೇಡಿಕೆಯು ಬಂದ ಕ್ಷಣದಿಂದ ವಿಷಯವು ವಿಜ್ಞಾನಿಗಳ ಗೋಷ್ಠಿಯದಾಗಿ ಉಳಿಯದೆ, ಗೃಹಸ್ಥರೆಲ್ಲರ ವಿಚಾರಕ್ಕೆ ಅರ್ಹವಾಗಿದೆ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯುವುದು ನ್ಯಾಯ. ಕಣವು ರಾಗಿಯ ಕಾಳಿಗಿಂತ ಚಿಕ್ಕದು. ಗಸಗಸೆಗೆ ಸಮ ಎನ್ನಬಹುದು. ಅಡ್ಡಳತೆ ಒಂದು ಮಿಲಿಮೀಟರಿಗೆ ತುಸು ಕಡಮೆ. ನಡುವೆ ಅರ್ಧ ಮಿಲಿಮೀಟರಿನಷ್ಟು ಯುರೇನಿಯಂ ಸಂಯುಕ್ತದ ಬೀಜ. ಅದರ ಸುತ್ತ ನಾಲ್ಕು ಹೊದಿಕೆಗಳು. ಒಳಗಿನದು ಸ್ಪಂಜಿನಂತೆ ರಂಧ್ರಮಯವಾದ ಇಂಗಾಲ: ಬೀಜವು ಸೀಳುವಾಗ ಹುಟ್ಟುವ ಅನಿಲಗಳಿಗೂ ಉಬ್ಬುವ ಬೀಜಕ್ಕೂ ಅದು ಎಡೆಗೊಡುತ್ತದೆ. ಅದರ ಮೇಲೆ ಬಿಗಿಯಾದ ಇಂಗಾಲದ ಪದರ. ಅದರ ಮೇಲೆ ಸಿಲಿಕಾನ್ ಕಾರ್ಬೈಡು ಎಂಬ, ಸಾಣೆಕಲ್ಲುಗಳಿಗೆ ಉಪಯೋಗಿಸುವ ಅತಿ ಕಠಿನ ವಸ್ತುವಿನ ಪದರ. ಎಲ್ಲಕ್ಕೂ ಹೊರಗೆ ಮತ್ತೊಂದು ಬಿಗಿ ಇಂಗಾಲ. ಕವಚವೆಂದು ಹೊಗಳಿಸಿಕೊಳ್ಳುವುದು ಮುಖ್ಯವಾಗಿ ಆ ಮೂರನೆಯ ಪದರ. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂವತ್ತೈದು ಪಾಲು, ಎಂದರೆ ತಲೆಗೂದಲಿನ ಸುಮಾರು ಅರ್ಧ. ಇಂಥ ಕಣಗಳನ್ನು ಸಾವಿರಗಟ್ಟಲೆ ಗ್ರಾಫೈಟು ಪುಡಿಯೊಡನೆ ಕಲಸಿ, ಒತ್ತಿ, ಕಾಯಿಸಿ, ಟೆನ್ನಿಸ್ ಚೆಂಡಿಗಿಂತ ಕೊಂಚ ಚಿಕ್ಕದಾದ ಗೋಲಗಳನ್ನಾಗಲಿ ಬೆರಳಿನ ಗಾತ್ರದ ಕಡ್ಡಿಗಳನ್ನಾಗಲಿ ಮಾಡುತ್ತಾರೆ. ರಿಯಾಕ್ಟರಿನಲ್ಲಿ ಇವುಗಳ ನಡುವೆ ಹೀಲಿಯಂ ಅನಿಲವು ಹರಿದು ಶಾಖವನ್ನು ಒಯ್ಯುತ್ತದೆ. ಸಾಮಾನ್ಯ ಸ್ಥಾವರದ ನೀರು ಮುನ್ನೂರು ಚಿಲ್ಲರೆ ಡಿಗ್ರಿಗೆ ಕಾಯುವಲ್ಲಿ ಈ ಅನಿಲವು ಏಳುನೂರೈವತ್ತು ಡಿಗ್ರಿಗೆ ಏರುತ್ತದೆ. ಜಪಾನಿನ ಓಅರಾಯ್‌ಯಲ್ಲಿರುವ ಪರೀಕ್ಷಾ ರಿಯಾಕ್ಟರಿನಲ್ಲಿ 2004ರಲ್ಲಿ 950 ಡಿಗ್ರಿಯನ್ನು ಮುಟ್ಟಿತು.

ಇನ್ನು ತಯಾರಿಕೆಯ ಮಾತು. ಸ್ತುತಿಪಾಠಕರು ಎರಡು ವಾಕ್ಯದಲ್ಲಿ ದಾಟಿಬಿಡುವ ಸ್ಥಳ ಇದೇ. ಆದುದರಿಂದ ಇಲ್ಲಿ ನಿಂತು ನೋಡಬೇಕು. ಯುರೇನಿಯಮನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಯೂರಿಯ ಮತ್ತು ಹೆಕ್ಸಮೀನು ಎಂಬ ದ್ರವ್ಯಗಳನ್ನು ತಣ್ಣಗಿರುವಾಗಲೇ ಬೆರಸಿ, ಅದುರುವ ಸಣ್ಣ ಮೂತಿಯಿಂದ ಹನಿಹನಿಯಾಗಿ ಬಿಸಿ ಎಣ್ಣೆಗೆ ಬೀಳಿಸುತ್ತಾರೆ. ಬಿಸಿ ತಗುಲಿದೊಡನೆ ಹನಿಯು ಗುಂಡಗಿರುವಂತೆಯೇ ಹೆಪ್ಪುಗಟ್ಟುತ್ತದೆ. ಜರ್ಮನರು ಇದನ್ನೇ ಮತ್ತೊಂದು ಕ್ರಮದಲ್ಲಿ, ಅಮೋನಿಯದ ನಡುವೆ ಹನಿಗಳನ್ನು ಬೀಳಿಸಿ ಮಾಡುತ್ತಿದ್ದರು. ಹೆಪ್ಪುಗಟ್ಟಿದ ಕಾಳುಗಳನ್ನು ತೊಳೆಯಬೇಕು. ತೊಳೆದುದು ಸಾಲದೆ ಹೋದರೆ ಒಳಗುಳಿದ ಲವಣವು ಕಾಯಿಸುವಾಗ ಕಾಳನ್ನು ಸೀಳುತ್ತದೆ. ಒಣಗಿಸಬೇಕು, ಹುರಿಯಬೇಕು, ಮತ್ತೆ ಉಗ್ರವಾದ ಶಾಖದಲ್ಲಿ ಬೇಯಿಸಿ ಗಟ್ಟಿಮಾಡಬೇಕು. ಬಳಿಕ ಓರೆಯಾಗಿ ಅದುರುವ ಮೇಜಿನ ಮೇಲೆ ಹರಿಯಬಿಟ್ಟು, ಗುಂಡಗಿರುವುದನ್ನೂ ಸೊಟ್ಟಗಿರುವುದನ್ನೂ ಬೇರೆ ಮಾಡುತ್ತಾರೆ. ಮೊರದಲ್ಲಿ ಕೇರುವ ಗೃಹಿಣಿಗೆ ಈ ತತ್ತ್ವವನ್ನು ಯಾರೂ ವಿವರಿಸಬೇಕಾಗಿಲ್ಲ. ಸೊಟ್ಟ ಬೀಜಕ್ಕೆ ಹೊದಿಸಿದ ಕವಚದಲ್ಲಿ ಒತ್ತಡವು ಒಂದೇ ಕಡೆಗೆ ಬಿದ್ದು ಅದು ಅಲ್ಲಿ ಬಿರಿಯುತ್ತದೆ.

ಹೊದಿಸುವ ಕೆಲಸವು ಇದಕ್ಕಿಂತಲೂ ನಾಜೂಕಾದುದು. ಉದ್ದನೆಯ ಕುಲುಮೆಯೊಳಗೆ ಬೀಜಗಳನ್ನು ಹಾಕಿ ಕೆಳಗಿನಿಂದ ಅನಿಲವನ್ನು ರಭಸವಾಗಿ ಊದುತ್ತಾರೆ. ಬಾಣಲೆಯಲ್ಲಿ ಅರಳು ಸಿಡಿದು ಕುಣಿಯುವಂತೆ ಬೀಜಗಳು ಎದ್ದು ಬಿದ್ದು ಸುಳಿಯುತ್ತವೆ. ಆಗ ಅಸಿಟಲೀನು ಅನಿಲವನ್ನು ಬಿಟ್ಟರೆ ಅದು ಶಾಖಕ್ಕೆ ಒಡೆದು ಬೀಜದ ಮೇಲೆ ರಂಧ್ರಮಯ ಇಂಗಾಲವಾಗಿ ಕೂಡುತ್ತದೆ; ಪ್ರೊಪಿಲೀನನ್ನು ಸೇರಿಸಿ ಬಿಟ್ಟರೆ ಬಿಗಿ ಇಂಗಾಲ; ಸಿಲಿಕಾನು ಮತ್ತು ಕ್ಲೋರೀನುಗಳ ಒಂದು ಸಂಯುಕ್ತದ ಆವಿಯನ್ನು ಜಲಜನಕದೊಡನೆ ಸಾವಿರದ ಐನೂರು ಡಿಗ್ರಿಯ ಸುಮಾರಿನಲ್ಲಿ ಬಿಟ್ಟರೆ ಸಿಲಿಕಾನ್ ಕಾರ್ಬೈಡು. ಸಂಕ್ರಾಂತಿಗೆ ಮನೆಯಲ್ಲೇ ಕುಸುರೆಳ್ಳು ಮಾಡುವವರು ಈ ಕೆಲಸದ ಮರ್ಮವನ್ನು ಬಲ್ಲರು. ಎಳ್ಳು ಒಂದೇ, ಪಾಕವೂ ಒಂದೇ. ಆದರೂ ಒಬ್ಬರ ಕೈಯಲ್ಲಿ ಕುಸುರು ಬಿಳಿದಾಗಿ ಒಂದೇ ಸಮನಾಗಿ ಏಳುತ್ತದೆ, ಇನ್ನೊಬ್ಬರ ಕೈಯಲ್ಲಿ ಗಂಟುಕಟ್ಟುತ್ತದೆ. ಉರಿ ಎಷ್ಟು, ಪಾಕವನ್ನು ಎಷ್ಟೆಷ್ಟು ಹೊತ್ತಿಗೆ ಹನಿಸಬೇಕು, ಕೈ ಯಾವಾಗ ನಿಲ್ಲಬಾರದು ಎಂಬುದರಲ್ಲೆಲ್ಲ ಫಲವಿದೆ. ಕಣದ ವಿಚಾರದಲ್ಲೂ ಹೀಗೆಯೇ ಆಯಿತೆಂಬುದಕ್ಕೆ ಒಂದು ಚರಿತ್ರೆಯೇ ಇದೆ.

ಇಂಗ್ಲೆಂಡಿನ ವಿನ್‌ಫ್ರಿತ್ ಎಂಬಲ್ಲಿ ಅನೇಕ ರಾಷ್ಟ್ರಗಳು ಕೂಡಿ ನಡೆಸಿದ ಡ್ರಾಗನ್ ಎಂಬ ರಿಯಾಕ್ಟರು 1964ರಿಂದ 1975ರವರೆಗೆ ಉರಿಯಿತು. ಇಂಥ ಕಣಗಳ ಬಾಲ್ಯವು ಬಹುಮಟ್ಟಿಗೆ ಅಲ್ಲಿ ಕಳೆಯಿತು. ಅಮೆರಿಕಾದ ಪೆನ್ಸಿಲ್ವೇನಿಯ ಪ್ರಾಂತದ ಪೀಚ್ ಬಾಟಮ್‌ನಲ್ಲಿ 1967ರಲ್ಲಿ ಕೆಲಸಕ್ಕೆ ಬಂದ ರಿಯಾಕ್ಟರಿನ ಮೊದಲ ಇಂಧನಕ್ಕೆ ಒಂದೇ ಪದರದ ಹೊದಿಕೆಯಿತ್ತು, ಅದು ಒಡೆಯಿತು. ಎರಡನೆಯ ಸಲ ಒಳಗೊಂದು ಮೃದುವಾದ ಪದರವನ್ನು ಕೊಟ್ಟ ಮೇಲೆ ತಾಳಿತು. ಹೀಗೆ ಒಡೆಸಿಕೊಂಡು ಒಡೆಸಿಕೊಂಡೇ ನಾಲ್ಕು ಪದರದ ಕಣವು ರೂಪುಗೊಂಡಿತು. ಇದರಲ್ಲಿ ನಾಚಿಕೆಯ ಮಾತೇನೂ ಇಲ್ಲ. ಎಲ್ಲ ಕಲೆಗಳೂ ಹೀಗೆಯೇ ಬೆಳೆಯುವುವು.

ಮುಂದೆ ನಡೆದುದು ಹೆಚ್ಚು ಮನನೀಯವಾದುದು. 1970ರ ಮತ್ತು 1980ರ ದಶಕಗಳಲ್ಲಿ ಜರ್ಮನಿಯೂ ಅಮೆರಿಕಾವೂ ಒಂದೇ ನಕ್ಷೆಯ ಕಣವನ್ನು ಮಾಡುತ್ತಿದ್ದುವು. ಕಾಗದದ ಮೇಲೆ ಎರಡಕ್ಕೂ ಭೇದವೇ ಇಲ್ಲವೆನ್ನಬಹುದಾಗಿತ್ತು: ಅದೇ ನಾಲ್ಕು ಪದರ, ಸುಮಾರಾಗಿ ಅದೇ ದಪ್ಪ. ರಿಯಾಕ್ಟರಿನೊಳಗೆ ಇಟ್ಟು ನೋಡಿದಾಗ ಅಮೆರಿಕಾದ ಕಣಗಳಿಂದ ಹೊರಬಿದ್ದ ಅನಿಲವು ಜರ್ಮನಿಯ ಕಣಗಳಿಂದ ಹೊರಬಿದ್ದುದರ ಸಾವಿರ ಪಟ್ಟಿನಷ್ಟಿತ್ತು. ಒಂದಕ್ಕೆ ಎರಡಲ್ಲ, ಹತ್ತಲ್ಲ, ಸಾವಿರ! ಇದರ ಕಾರಣವನ್ನು ಅಮೆರಿಕಾದ ವಿಜ್ಞಾನಿಗಳೇ ಮುಂದೆ, 2000ದ ಬಳಿಕ, ಪ್ರಾಮಾಣಿಕವಾಗಿ ಹುಡುಕಿ ಪ್ರಕಟಿಸಿದರು. ಜರ್ಮನರು ಕುಲುಮೆಯನ್ನು ನಿಲ್ಲಿಸದೆ ಪದರದ ಮೇಲೆ ಪದರವನ್ನು ಹೊದಿಸುತ್ತಿದ್ದರು. ಅಮೆರಿಕನರು ಒಂದೊಂದು ಪದರವಾದ ಮೇಲೂ ಕಣಗಳನ್ನು ಹೊರಗೆ ತೆಗೆದು, ಪರೀಕ್ಷಿಸಿ, ಮತ್ತೆ ಒಳಗೆ ಹಾಕುತ್ತಿದ್ದರು. ಎಚ್ಚರಿಕೆಗೆಂದೇ ಮಾಡಿದ ಈ ಕ್ರಮದಿಂದ ಪದರಗಳ ನಡುವಣ ಬೆಸುಗೆ ಸಡಿಲವಾಯಿತು. ಒಳಗಿನ ಬಿಗಿ ಇಂಗಾಲವು ಅಮೆರಿಕಾದ ರೀತಿಯಲ್ಲಿ ನಿಧಾನವಾಗಿ ಕೂಡುತ್ತಿದ್ದುದರಿಂದ ಅದರ ಕಣರಚನೆಯು ಒಂದೇ ದಿಕ್ಕಿಗೆ ವಾಲಿ, ನ್ಯೂಟ್ರಾನುಗಳ ಹೊಡೆತಕ್ಕೆ ಸಿಕ್ಕಾಗ ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಹಿಗ್ಗಿ ಸೀಳಿತು. ಸಿಲಿಕಾನ್ ಕಾರ್ಬೈಡು ಅತಿ ಶಾಖದಲ್ಲಿ ಕೂಡಿದ್ದರಿಂದ ಅದರ ಹರಳುಗಳು ಕಂಬಗಳಂತೆ ಒಳಗಿನಿಂದ ಹೊರಕ್ಕೆ ನೀಳವಾಗಿ ಬೆಳೆದುವು. ಜರ್ಮನಿಯದರಲ್ಲಿ ಹರಳುಗಳು ನುಣ್ಣಗೆ, ಸಣ್ಣಗೆ ಇದ್ದುವು. ನಕ್ಷೆಯಲ್ಲಿ ಇವುಗಳಲ್ಲಿ ಒಂದಾದರೂ ಬರೆದಿರಲಿಲ್ಲ. ಭೇದವಿದ್ದುದೆಲ್ಲ ಕುಲುಮೆಯಲ್ಲಿ, ಉರಿಯಲ್ಲಿ, ಕೈಯಲ್ಲಿ.

ಈ ಪಾಠವನ್ನು ಕಲಿತವರು ಫಲವನ್ನು ಕಂಡರು ಎಂಬುದನ್ನೂ ಹೇಳತಕ್ಕದ್ದು. ಅಮೆರಿಕಾ ಸರ್ಕಾರವು 2002ರಲ್ಲಿ ಹೊಸದಾಗಿ ಕೆಲಸವನ್ನಾರಂಭಿಸಿ, ಜರ್ಮನರ ಕ್ರಮವನ್ನು ಬೇಕೆಂದೇ ಅನುಸರಿಸಿ, ಸುಮಾರು 3 ಲಕ್ಷ ಕಣಗಳನ್ನು ಐಡಾಹೊ ಪ್ರಾಂತದ ಪರೀಕ್ಷಾ ರಿಯಾಕ್ಟರಿನಲ್ಲಿ 2006ರಿಂದ 2009ರವರೆಗೆ ಉರಿಸಿ ನೋಡಿತು. ಆ ಅವಧಿಯಲ್ಲಿ ಒಂದು ಕಣವೂ ಒಡೆಯಲಿಲ್ಲ. ಇದು ನಿಜವಾಗಿ ದೊಡ್ಡ ಸಾಧನೆ. ಇದನ್ನು ಹಗುರಮಾಡಿ ಮಾತನಾಡುವವರು ಅನ್ಯಾಯ ಮಾಡುತ್ತಾರೆ. ಆದರೆ ಈ ಸಾಧನೆಯಿಂದ ಸಿದ್ಧವಾದುದೇನು? ಚೆನ್ನಾಗಿ ಮಾಡಿದರೆ ಕಣವು ಚೆನ್ನಾಗಿರುವುದೆಂದು. ಯಾರು ಮಾಡಿದರೂ ಚೆನ್ನಾಗಿರುವುದೆಂದಲ್ಲ. ಸ್ತುತಿಪಾಠಕರು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮಾರುತ್ತಿದ್ದಾರೆ.

ಮಾಡಿದ ಕಣವು ಚೆನ್ನಾಗಿದೆಯೆಂದು ತಿಳಿಯುವುದು ಹೇಗೆ? ಅನ್ನ ಬೆಂದಿದೆಯೇ ಎಂದು ನೋಡುವುದಕ್ಕೆ ಒಂದಗುಳನ್ನು ಹಿಸುಕಿದರೆ ಸಾಕೆಂಬುದು ಲೋಕರೂಢಿ. ಅದು ಅನ್ನಕ್ಕೆ ಸಲ್ಲುತ್ತದೆ. ಏಕೆಂದರೆ ಪಾತ್ರೆಯಲ್ಲಿ ಅಲ್ಲೊಂದು ಇಲ್ಲೊಂದು ಅಗುಳು ಅರೆಬೆಂದಿದ್ದರೆ ಊಟಕ್ಕೆ ಕುಳಿತವನಿಗೆ ಬಾಧೆಯಿಲ್ಲ. ಇಲ್ಲಿ ಹುಡುಕಬೇಕಾದುದೋ ಆ ಅಲ್ಲೊಂದು ಇಲ್ಲೊಂದು ಕಾಳನ್ನೇ. ಪರೀಕ್ಷೆಯ ಕ್ರಮವಿದು: ಗೋಲವೊಂದನ್ನು ಗಾಳಿಯಲ್ಲಿ ಎಂಟುನೂರು ಡಿಗ್ರಿಯ ಸುಮಾರಿನಲ್ಲಿ ಸುಟ್ಟರೆ ಗ್ರಾಫೈಟೂ ಹೊರ ಇಂಗಾಲವೂ ಉರಿದುಹೋಗಿ, ಉರಿಯದ ಸಿಲಿಕಾನ್ ಕಾರ್ಬೈಡಿನ ಕವಚದೊಡನೆ ಕಣಗಳು ಉಳಿಯುತ್ತವೆ. ಅವುಗಳನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿಟ್ಟರೆ, ಕವಚ ಸೀಳಿದ ಕಣದ ಯುರೇನಿಯಂ ಮಾತ್ರ ಕರಗಿ ಆಮ್ಲಕ್ಕೆ ಬರುತ್ತದೆ. ಆಮ್ಲದಲ್ಲಿ ಎಷ್ಟು ಯುರೇನಿಯಂ ಇದೆಯೆಂದು ಅಳೆದರೆ ಎಷ್ಟು ಕಣ ಸೀಳಿದೆಯೆಂದು ಗೊತ್ತಾಗುತ್ತದೆ. ಉಪಾಯವು ಬಹಳ ಚೆಲುವಾದುದು. ಆದರೆ ಹೀಗೆ ಪರೀಕ್ಷೆಗೆ ಒಳಗಾದ ಗೋಲವು ಬೂದಿಯಾಯಿತಷ್ಟೆ. ಪರೀಕ್ಷಿಸಿದುದು ಉಪಯೋಗಕ್ಕೆ ಬಾರದು. ಉಪಯೋಗಕ್ಕೆ ಬರುವುದು ಈ ಪರೀಕ್ಷೆಗೆ ಒಳಪಟ್ಟಿರದು. ಆದುದರಿಂದ ಇಲ್ಲಿ ಭರವಸೆಯೆಂಬುದೆಲ್ಲ ಗಣಿತದ ಭರವಸೆ. ಲಕ್ಷಕ್ಕೆ ಆರಕ್ಕಿಂತ ಹೆಚ್ಚು ಕಣ ಸೀಳಿಲ್ಲವೆಂದು ನೂರಕ್ಕೆ ತೊಂಬತ್ತೈದು ಪಾಲು ನಂಬಿಕೆಯಿಂದ ಹೇಳಬೇಕಾದರೆ, ಐವತ್ತು ಸಾವಿರ ಕಣಗಳನ್ನು ಸುಟ್ಟು ನೋಡಿ ಒಂದೂ ಸೀಳಿಲ್ಲದಿರಬೇಕು. ಲಕ್ಷಕ್ಕೆ ಒಂದೇ ಎಂದು ಹೇಳಬೇಕಾದರೆ ಮೂರು ಲಕ್ಷವನ್ನು ಸುಡಬೇಕು. ಮತ್ತೆ ಈ ಮಾತು ಸಲ್ಲುವುದು ಆ ಒಂದು ಕುಲುಮೆಯ ಆ ಕಂತಿನ ಕಣಗಳಿಗೆ. ಮುಂದಿನ ವಾರದ ಕಂತಿಗಲ್ಲ.

ಒಂದು ರಿಯಾಕ್ಟರಿನ ಲೆಕ್ಕವನ್ನು ನೋಡಿದರೆ ವಿಷಯವು ಸ್ಪಷ್ಟವಾಗುತ್ತದೆ. ಚೀನಾ ದೇಶದ ಶಾನ್‌ಡಾಂಗ್ ಪ್ರಾಂತದ ಷಿದಾವ್ ಕೊಲ್ಲಿಯಲ್ಲಿ ಇಂಥ ಎರಡು ರಿಯಾಕ್ಟರುಗಳು ಒಂದು ಯಂತ್ರಕ್ಕೆ ಉಗಿಯೂಡಿಸುವ ಸ್ಥಾವರವೊಂದು 2021ರ ಡಿಸೆಂಬರಿನಲ್ಲಿ ಮೊದಲು ವಿದ್ಯುತ್ತನ್ನು ಕೊಟ್ಟು, 2023ರ ಡಿಸೆಂಬರಿನಿಂದ ವಾಣಿಜ್ಯಕ್ರಮದಲ್ಲಿ ನಡೆಯುತ್ತಿದೆ. ಒಂದೊಂದು ರಿಯಾಕ್ಟರಿನಲ್ಲಿ ಸುಮಾರು 4 ಲಕ್ಷ 20 ಸಾವಿರ ಗೋಲಗಳು; ಒಂದೊಂದು ಗೋಲದಲ್ಲಿ 7 ಗ್ರಾಮು ಯುರೇನಿಯಂ, ಸುಮಾರು 12 ಸಾವಿರ ಕಣಗಳಾಗಿ ಹಂಚಿಕೊಂಡಿದೆ. ಗುಣಿಸಿದರೆ 500 ಕೋಟಿಗೂ ಮೀರಿದ ಕಣಗಳು! ಈ ಇಂಧನಕ್ಕೆ ಗೊತ್ತುಮಾಡಿರುವ ಮಿತಿಯು ಲಕ್ಷಕ್ಕೆ ಆರು. ಆ ಮಿತಿಯೊಳಗೇ ಇದ್ದರೂ ಒಂದು ರಿಯಾಕ್ಟರಿನಲ್ಲಿ ಮೊದಲ ದಿನವೇ 3 ಲಕ್ಷ ಸೀಳುಕಣಗಳಿಗೆ ಎಡೆಯುಂಟು. ಇದನ್ನು ಕೇಳಿ ಯಾರೂ ಹೌಹಾರಬೇಕಾಗಿಲ್ಲ: ಅವುಗಳಲ್ಲಿರುವ ಯುರೇನಿಯಂ, ಒಟ್ಟು 2,940 ಕಿಲೋಗ್ರಾಮಿನಲ್ಲಿ ಸುಮಾರು 175 ಗ್ರಾಮು ಮಾತ್ರ, ಅಷ್ಟನ್ನು ಸಹಿಸುವಂತೆಯೇ ಸ್ಥಾವರವನ್ನು ರಚಿಸಿರುತ್ತಾರೆ. ಆದರೆ ಹಿಂದೆ ಹೇಳಿದ ಜರ್ಮನಿ ಅಮೆರಿಕಾಗಳ ಭೇದವನ್ನು ಇಲ್ಲಿ ನೆನೆಯಬೇಕು. ಕೈಕೆಲಸದಲ್ಲಿ ಕಣ್ಣಿಗೆ ಕಾಣದಷ್ಟು ವ್ಯತ್ಯಾಸವಾದರೆ ಲೆಕ್ಕದಲ್ಲಿ ಸೊನ್ನೆಗಳೇ ಏರುವುವು. ಐನೂರು ಕೋಟಿಯ ಪಕ್ಕದಲ್ಲಿ ಸೊನ್ನೆಯೊಂದು ಜರುಗುವುದು ಸಣ್ಣ ಮಾತಲ್ಲ.

ಇಲ್ಲಿ ಪ್ರತಿವಾದಿಗಳು ಒಂದು ಸಮಾಧಾನವನ್ನು ಹೇಳುವರು. ಭದ್ರತೆಯು ಕಣದಲ್ಲಷ್ಟೇ ಇಲ್ಲ, ಪ್ರಕೃತಿನಿಯಮದಲ್ಲಿಯೇ ಇದೆ; ರಿಯಾಕ್ಟರಿನಲ್ಲಿ ಶಾಖವು ವಿರಳವಾಗಿ ಹರಡಿದೆ; ಬಿಸಿ ಏರಿದರೆ ಸರಪಳಿಕ್ರಿಯೆ ತಾನಾಗಿ ಇಳಿಯುವುದು; ತಂಪುಗೊಳಿಸುವ ಯಂತ್ರಗಳೆಲ್ಲ ನಿಂತರೂ ಶಾಖವು ಗೋಡೆಯ ಮೂಲಕ ಹೊರಹೋಗಿ ಇಂಧನವು 1,600 ಡಿಗ್ರಿಯನ್ನು ದಾಟದು ಎಂದು. ಈ ಮಾತು ಸುಳ್ಳಲ್ಲ. ಷಿದಾವ್ ಕೊಲ್ಲಿಯಲ್ಲಿ 2023ರಲ್ಲಿಯೂ ಓಅರಾಯ್‌ಯಲ್ಲಿ 2024ರಲ್ಲಿಯೂ ನಡೆಯುತ್ತಿದ್ದ ರಿಯಾಕ್ಟರಿನ ತಂಪನ್ನು ಬೇಕೆಂದೇ ನಿಲ್ಲಿಸಿ ಪರೀಕ್ಷಿಸಿದರು. ಎರಡು ಕಡೆಯೂ ರಿಯಾಕ್ಟರು ತಾನಾಗಿ ತಣಿಯಿತು. ಹಾಗಾದರೆ ಆಕ್ಷೇಪವೇನು? ಇಷ್ಟೆ: ಪ್ರಕೃತಿನಿಯಮವು ಶಾಖದ ಮೇಲೆ ಮಿತಿಯನ್ನು ಹಾಕುವುದೇ ಹೊರತು ಕಣದ ಮೇಲೆ ಕವಚವನ್ನು ಹಾಕುವುದಿಲ್ಲ. 1,600 ಡಿಗ್ರಿ ಎಂಬ ಅಂಕಿಗೆ ಅರ್ಥ ಬಂದುದು ಹೇಗೆ? ಒಳ್ಳೆಯ ಕವಚವು ಅಲ್ಲಿಯವರೆಗೆ ತಾಳುತ್ತದೆಂದು ಜರ್ಮನಿಯ ಒಳ್ಳೆಯ ಕಣಗಳನ್ನು ಕಾಯಿಸಿ ನೋಡಿದ್ದರಿಂದ. ಸಡಿಲು ಬೆಸುಗೆಯ ಕಣಕ್ಕೆ ಆ ಅಂಕಿಯು ಆಶ್ವಾಸನವಲ್ಲ.

ಶಾಖದ ಲೆಕ್ಕವಾದರೂ ಯಾವಾಗಲೂ ಲೆಕ್ಕದಂತೆಯೇ ನಡೆಯಿತೇ ಎಂದರೆ ಅದೂ ಇಲ್ಲ. ಜರ್ಮನಿಯ ಯೂಲಿಚ್‌ನಲ್ಲಿ 1967ರಿಂದ 1988ರವರೆಗೆ ನಡೆದ ಗೋಲರಿಯಾಕ್ಟರಿನೊಳಗಿನ ಉಷ್ಣಮಾನವನ್ನು ನೇರವಾಗಿ ಅಳೆಯಲು ಉಪಾಯವಿರಲಿಲ್ಲ; ಉರುಳುವ ಗೋಲಗಳ ನಡುವೆ ಮಾಪಕವನ್ನು ನಿಲ್ಲಿಸುವುದೆಲ್ಲಿ? 1986ರಲ್ಲಿ, ಬೇರೆ ಬೇರೆ ಶಾಖಕ್ಕೆ ಕರಗುವ ತಂತಿಗಳನ್ನು ಒಳಗಿಟ್ಟ ಗ್ರಾಫೈಟು ಗೋಲಗಳನ್ನು ಇಂಧನದ ಜೊತೆಗೆ ಉರುಳಿಸಿಬಿಟ್ಟರು. ಹೊರಬಂದ ಗೋಲಗಳಲ್ಲಿ ಹಲವರಲ್ಲಿ 1,280 ಡಿಗ್ರಿಗೆ ಕರಗುವ ತಂತಿಯೂ ಕರಗಿತ್ತು. ಅದಕ್ಕಿಂತ ಮೇಲಣ ತಂತಿಯನ್ನು ಇಟ್ಟೇ ಇರಲಿಲ್ಲ, ಏಕೆಂದರೆ ಲೆಕ್ಕದ ಪ್ರಕಾರ ಅಷ್ಟು ಶಾಖವು ಇರಕೂಡದಾಗಿತ್ತು. ಆ ರಿಯಾಕ್ಟರಿನ ಒಳಮೈಯು ಸೀಸಿಯಂ ಸ್ಟ್ರಾನ್ಷಿಯಂಗಳಿಂದ ಬಹಳ ಮಲಿನವಾಯಿತು. ಈ ಸಂಗತಿಗಳ ಅರ್ಥವನ್ನು 2008ರಲ್ಲಿ ಬಿಡಿಸಿ ಬರೆದವರು ಹೊರಗಿನ ವಿರೋಧಿಯಲ್ಲ, ಯೂಲಿಚ್ ಸಂಶೋಧನಾಲಯದ ರೈನರ್ ಮೂರ್ಮನ್ ಎಂಬ ವಿಜ್ಞಾನಿಯೇ. 2014ರಲ್ಲಿ ಸ್ವತಂತ್ರ ತಜ್ಞರ ಮಂಡಲಿಯೊಂದು ಆ ಸ್ಥಾವರದ ಚರಿತ್ರೆಯನ್ನು ವಿಮರ್ಶಿಸಿ ವರದಿಯನ್ನು ಕೊಟ್ಟಿತು. ಅದೇ ದೇಶದ ಹಾಮ್ ನಗರದ ಬಳಿಯ ಮುನ್ನೂರು ಮೆಗಾವಾಟಿನ ಸ್ಥಾವರದಲ್ಲಿ, ನಿಯಂತ್ರಣದ ಕೋಲುಗಳನ್ನು ಗೋಲಗಳ ರಾಶಿಯೊಳಕ್ಕೇ ಒತ್ತಿ ತೂರಿಸುತ್ತಿದ್ದುದರಿಂದ ಸಾವಿರಾರು ಗೋಲಗಳು ಒಡೆದುವು. 1989ರಲ್ಲಿ ಅದನ್ನು ಮುಚ್ಚಿದರು. ಕಣದ ಕೌಶಲವು ಎಷ್ಟಿದ್ದರೂ ಕಣವನ್ನು ಬಳಸುವವರ ಕೌಶಲವೂ ಜೊತೆಗೆ ಬೇಕೆಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಅಂಶವನ್ನು ಸ್ತುತಿಪಾಠಕರು ಬಾಯಿತಪ್ಪಿಯೂ ಹೇಳುವುದಿಲ್ಲ. ಬೆಳ್ಳಿಯ ಒಂದು ವಿಕಿರಣಶೀಲ ರೂಪವು, ಎಲ್ಲಿಯೂ ಸೀಳಿಲ್ಲದ, ಸಂಪೂರ್ಣವಾಗಿ ಸರಿಯಾದ ಸಿಲಿಕಾನ್ ಕಾರ್ಬೈಡಿನ ಮೂಲಕವೂ ಅತಿ ಶಾಖದಲ್ಲಿ ಹೊರಕ್ಕೆ ನುಸುಳುತ್ತದೆ. ಪಲ್ಲಾಡಿಯಂ ಎಂಬ ಲೋಹವು ಒಳಗಿನಿಂದ ಕವಚವನ್ನು ಕೊರೆಯುತ್ತದೆ. ಮೂರು ಲಕ್ಷದಲ್ಲಿ ಒಂದೂ ಒಡೆಯದ ಅಮೆರಿಕಾದ ಕಣಗಳಿಂದಲೂ ಬೆಳ್ಳಿ ಹೊರಬಂತು. ಪ್ರಮಾಣವು ಅಲ್ಪ, ದುರಸ್ತಿಗೆ ಒಳಹೋಗುವ ಕೆಲಸಗಾರರಿಗೆ ಮುಖ್ಯವಾಗಿ ಅದರ ಬಾಧೆ. ಆದರೆ ‘ಏನನ್ನೂ ಹೊರಗೆ ಬಿಡದು’ ಎಂಬ ಮಾತನ್ನು ಸತ್ಯವೆಂದು ಯಾವ ನಿಘಂಟೂ ಒಪ್ಪಲಾರದು.

ಈಗ ಮೂಲ ಬೇಡಿಕೆಗೆ ಬರಬಹುದು. ನೀರಿನಿಂದ ತಂಪುಗೊಳಿಸುವ ಸಾಮಾನ್ಯ ಸ್ಥಾವರಗಳಲ್ಲಿ ಇಂಧನವು ಕೆಟ್ಟರೂ ಅದರಿಂದಾಚೆಗೆ ಉಕ್ಕಿನ ಪಾತ್ರೆ, ಅದರಾಚೆಗೆ ಗಾಳಿಯಾಡದ ಗುಮ್ಮಟ. ಗುಮ್ಮಟವು ಊರವರ ಕಣ್ಣಿಗೆ ಕಾಣುವ ವಸ್ತು. ಅದರೊಳಗೆ ಗಾಳಿಯನ್ನು ತುಂಬಿ ಸೋರುವುದೇ ಎಂದು ಪರೀಕ್ಷಿಸುತ್ತಾರೆ, ಆ ಪರೀಕ್ಷೆಗೆ ಕಾಲಕಾಲದ ನಿಯಮವಿದೆ. ಷಿದಾವ್ ಕೊಲ್ಲಿಯ ರಿಯಾಕ್ಟರಿಗೆ ಅಂಥ ಗುಮ್ಮಟವಿಲ್ಲ; ಒತ್ತಡ ಏರಿದರೆ ಗಾಳಿಯನ್ನು ಹೊರಬಿಡುವ ಕಟ್ಟಡವಿದೆ. ಅಮೆರಿಕಾದಲ್ಲಿ ಪರಮಾಣು ನಿಯಂತ್ರಣ ಮಂಡಲಿಯು, ಗುಮ್ಮಟದ ಕೆಲಸವನ್ನು ಕಣದ ಕವಚವೇ ಮುಂತಾದ ತಡೆಗಳು ಕೂಡಿ ಮಾಡಬಹುದೆಂಬ ತತ್ತ್ವವನ್ನು 2018ರಲ್ಲಿ ಒಪ್ಪಿತು. ಚಿಕ್ಕ ರಿಯಾಕ್ಟರುಗಳ ಸುತ್ತಣ ಆಪತ್ಕಾಲದ ವಲಯವನ್ನು ಕಿರಿದುಮಾಡಲು ಅವಕಾಶವೀಯುವ ನಿಯಮವನ್ನು 2023ರಲ್ಲಿ ಹೊರಡಿಸಿತು. ಟೆಕ್ಸಸ್ ಪ್ರಾಂತದ ಸೀಡ್ರಿಫ್ಟ್‌ನಲ್ಲಿ ಒಂದು ದೊಡ್ಡ ರಾಸಾಯನಿಕ ಕಾರ್ಖಾನೆಯ ಮಗ್ಗುಲಲ್ಲೇ ನಾಲ್ಕು ಗೋಲರಿಯಾಕ್ಟರುಗಳನ್ನು ಕಟ್ಟುವ ಅರ್ಜಿಯು 2025ರಲ್ಲಿ ಆ ಮಂಡಲಿಯ ಮುಂದೆ ಬಂದಿತು. ಭಾರತದಲ್ಲಿಯೂ ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರವು ಥೋರಿಯಂ ಸೇರಿದ ಇಂಥ ಕಣಗಳಿಂದ ನಡೆಯತಕ್ಕ ಚಿಕ್ಕದೊಂದು ಅಧಿಕೋಷ್ಣ ರಿಯಾಕ್ಟರಿನ ನಕ್ಷೆಯನ್ನು ಮಾಡಿದೆ. ಆದುದರಿಂದ ಇದು ಪರದೇಶದ ಜಗಳವೆಂದು ಇಲ್ಲಿಯವರು ಪುಟ ತಿರುವಿಬಿಡುವಂತಿಲ್ಲ.

ಗುಮ್ಮಟವನ್ನು ಬಿಡುವುದೇ ತಪ್ಪೆಂದು ಹಟಹಿಡಿಯಬೇಕಾಗಿಲ್ಲ. ಗಾಳಿಯನ್ನು ಹೊರಬಿಡುವ ಕಟ್ಟಡಕ್ಕೂ ಸಕಾರಣವಾದ ವಾದವಿದೆ. ಆದರೆ ಭದ್ರತೆಯನ್ನು ಊರವರು ನೋಡಬಲ್ಲ ಗೋಡೆಯಿಂದ ತೆಗೆದು, ಯಾರೂ ನೋಡಲಾಗದ ಮೂವತ್ತೈದು ಸಾವಿರಾಂಶದ ಪದರಕ್ಕೆ ವರ್ಗಾಯಿಸಿದ ಮೇಲೆ, ಹಿಂದೆ ಗೋಡೆಗಿದ್ದ ಬಹಿರಂಗತೆಯು ಈಗ ಆ ಪದರಕ್ಕೆ ಬರಬೇಕಾದುದು ಧರ್ಮ. ನಡೆಯುತ್ತಿರುವುದು ಇದಕ್ಕೆ ವಿರುದ್ಧವಾಗಿದೆ. ಕಂಪೆನಿಗಳು ಮಂಡಲಿಗೆ ಒಪ್ಪಿಸುವ ವರದಿಗಳು ಎರಡು ಪ್ರತಿಗಳಲ್ಲಿ ಬರುತ್ತವೆ: ಅಧಿಕಾರಿಗಳಿಗೆ ಪೂರ್ಣವಾದುದೊಂದು, ಜನರಿಗೆ ಮತ್ತೊಂದು. ಎರಡನೆಯದರಲ್ಲಿ ವ್ಯಾಪಾರದ ಗುಟ್ಟೆನಿಸಿದ ಸ್ಥಳಗಳಲ್ಲಿ ಕಂಸಗಳ ನಡುವೆ ಬರಿಯ ಬಿಳಿಯ ಕಾಗದ. ಗುಮ್ಮಟದ ದಪ್ಪವನ್ನು ಗುಟ್ಟೆಂದವರನ್ನು ಯಾರಾದರೂ ಕಂಡಿದ್ದಾರೆಯೇ?

ತಯಾರಿಕೆಯ ಕ್ರಮವನ್ನು ಹೊರಗೆಡಹಿದರೆ ಪೈಪೋಟಿಯವರು ಕದಿಯುವರು, ದುಷ್ಟರು ದುರುಪಯೋಗಪಡಿಸುವರು ಎಂಬ ಉತ್ತರ ಬರುತ್ತದೆ. ಇದಕ್ಕೆ ಎರಡು ಸಮಾಧಾನಗಳುಂಟು. ಮೊದಲನೆಯದು, ಕೇಳುತ್ತಿರುವುದು ಪಾಕದ ಕ್ರಮವನ್ನಲ್ಲ, ಕಂತು ಕಂತಿನ ಫಲವನ್ನು: ಈ ಕಂತಿನಲ್ಲಿ ಎಷ್ಟು ಕಣ ಸುಟ್ಟು ನೋಡಿದಿರಿ, ಎಷ್ಟು ಸೀಳಿತ್ತು, ಎಷ್ಟು ಕಂತನ್ನು ತಿರಸ್ಕರಿಸಿದಿರಿ? ಕುಸುರೆಳ್ಳು ಮಾಡುವ ಗುಟ್ಟನ್ನು ಹೇಳದೆಯೇ ತಟ್ಟೆಯನ್ನು ತೋರಿಸಬಹುದಷ್ಟೆ. ಎರಡನೆಯದು, ಅಮೆರಿಕಾ ಸರ್ಕಾರವು 2002ರಿಂದ ಮಾಡಿದ ಕೆಲಸದ ಫಲಗಳನ್ನು ಒಡೆದುದನ್ನೂ ಒಡೆಯದುದನ್ನೂ ಸೇರಿಸಿ ಧಾರಾಳವಾಗಿ ಪ್ರಕಟಿಸುತ್ತ ಬಂದಿದೆ. ಅದರಿಂದ ಲೋಕವೇನೂ ಮುಳುಗಲಿಲ್ಲ. ಹಾಗೆ ಪ್ರಕಟಿಸಿದ ಅಂಕಿಗಳನ್ನೇ ಆಧಾರವಾಗಿ ಹಿಡಿದು ಖಾಸಗಿ ಕಂಪೆನಿಗಳು 2020ರಲ್ಲಿ ಮಂಡಲಿಯ ಒಪ್ಪಿಗೆಯನ್ನು ಪಡೆದುವು. ಸಾರ್ವಜನಿಕರ ಹಣದಿಂದ ಹುಟ್ಟಿದ ಬಹಿರಂಗ ಜ್ಞಾನದ ಮೇಲೆ ನಿಂತು, ತಮ್ಮ ಕಂತಿನ ಲೆಕ್ಕಕ್ಕೆ ಮಾತ್ರ ಪರದೆಯನ್ನು ಎಳೆಯುವುದು ಎಂಥ ನ್ಯಾಯ?

ಸ್ವತಂತ್ರ ಪರೀಕ್ಷೆಯೆಂಬುದು ಗಗನಕುಸುಮವೆಂದೂ ಹೇಳುವಂತಿಲ್ಲ. ಚೀನಾ ದೇಶವು ತನ್ನ ಗೋಲಗಳಲ್ಲಿ ಐದನ್ನು ಹಾಲೆಂಡಿನ ಪೆಟ್ಟೆನ್‌ಗೆ ಕಳುಹಿಸಿ, ಅಲ್ಲಿಯ ರಿಯಾಕ್ಟರಿನಲ್ಲಿ 2012ರಿಂದ 2014ರವರೆಗೆ ಉರಿಸಿ ನೋಡುವಂತೆ ಪರಕೀಯರಿಗೇ ಒಪ್ಪಿಸಿತು. ಗುಟ್ಟನ್ನು ಕಾಯುವುದರಲ್ಲಿ ಯಾರಿಗೂ ಕಡಮೆಯಿಲ್ಲದ ಆ ಸರ್ಕಾರವೇ ಇದಕ್ಕೆ ಹಿಂಜರಿಯಲಿಲ್ಲ. ಬೀಳಿಸಿಕೊಂಡ ಕಣವೂ ಇರಲಿಲ್ಲವಾದ್ದರಿಂದ ಅದಕ್ಕೆ ಕೀರ್ತಿಯೇ ಬಂತು. ಚೀನಾದ ಬಾವ್‌ತೋ ನಗರದ ಕಾರ್ಖಾನೆಯು ವರ್ಷಕ್ಕೆ 3 ಲಕ್ಷ ಗೋಲಗಳನ್ನು ಮಾಡುವಂತೆ ರಚಿತವಾದುದು. ಐದು ಗೋಲಗಳ ಮೇಲೆ ಬಂದ ಕೀರ್ತಿಯು ವರ್ಷವರ್ಷದ ಮೂರು ಲಕ್ಷಕ್ಕೂ ಹರಿಯಬೇಕಾದರೆ ಪರೀಕ್ಷೆಯೂ ವರ್ಷವರ್ಷ ಹರಿಯಬೇಕು.

ಇನ್ನೂ ಒಂದು ಅಪಾಯವಿದೆ. ಅದನ್ನು ಯಾವ ನಿಯಮಪತ್ರವೂ ನೋಡಿದಂತಿಲ್ಲ. ಲೋಕದಲ್ಲೇ ಅತ್ಯುತ್ತಮವೆನಿಸಿದ ಕಣಗಳನ್ನು ಲಕ್ಷಗಟ್ಟಲೆ ಗೋಲಗಳಿಗೆ ತುಂಬುತ್ತಿದ್ದ ಜರ್ಮನಿಯ ಹಾನೌ ನಗರದ ಕಾರ್ಖಾನೆಯು 1980ರ ದಶಕದ ಕೊನೆಯಲ್ಲಿ, ಕೊಳ್ಳುವ ರಿಯಾಕ್ಟರುಗಳೇ ಇಲ್ಲದಂತಾಗಿ, ನಿಂತಿತು. ಆಗ ಚದರಿದ್ದು ಯಂತ್ರಗಳು ಮಾತ್ರವಲ್ಲ. ಕುಲುಮೆಯ ಸದ್ದನ್ನು ಕೇಳಿ ಕಣಗಳು ಸರಿಯಾಗಿ ಸುಳಿಯುತ್ತಿವೆಯೇ ಎಂದು ಹೇಳಬಲ್ಲವರೂ ಚದರಿದರು. ದಕ್ಷಿಣ ಆಫ್ರಿಕಾವು ಆ ವಿದ್ಯೆಯನ್ನು ತಂದು ಬೆಳೆಸಲು ಅಪಾರ ಹಣವನ್ನು ಸುರಿದು 2010ರಲ್ಲಿ ಕೈಬಿಟ್ಟಿತು. ಅಲ್ಲಿ ಕಲಿತವರೂ ಚದರಿದರು. ಅಮೆರಿಕಾವು ತಾನು ಒಮ್ಮೆ ತಪ್ಪಾಗಿ ಕಲಿತುದನ್ನು ಸರಿಯಾಗಿ ಕಲಿಯಲು ಏಳೆಂಟು ವರ್ಷ ತೆಗೆದುಕೊಂಡಿತು. ರಿಯಾಕ್ಟರಿನ ಆಯುಸ್ಸು ನಲವತ್ತು ಅರುವತ್ತು ವರ್ಷ. ಅಷ್ಟು ಕಾಲವೂ ಅದಕ್ಕೆ ಹೊಸ ಕಣಗಳು ಬೇಕು. ಗುಮ್ಮಟವನ್ನು ಒಮ್ಮೆ ಕಟ್ಟಿದರೆ ಕಟ್ಟಿದವರು ಊರು ಬಿಟ್ಟರೂ ಅದು ನಿಲ್ಲುತ್ತದೆ; ಕವಚವನ್ನು ಮಾತ್ರ ಪ್ರತಿದಿನವೂ ಹೊಸದಾಗಿ, ಅದೇ ಉರಿಯಲ್ಲಿ, ಅದೇ ಕೈಯಿಂದ ಮಾಡುತ್ತಿರಬೇಕು. ಷೇರುಗಳ ಬೆಲೆ ಇಳಿದ ವರ್ಷದಲ್ಲಿ ಕಂಪೆನಿಯು ಮೊದಲು ಮನೆಗೆ ಕಳುಹಿಸುವುದು ಯಾರನ್ನು? ಪರೀಕ್ಷಾಲಯದಲ್ಲಿ ಆಮ್ಲದ ಮುಂದೆ ಕುಳಿತು ಏನನ್ನೂ ‘ಉತ್ಪನ್ನ’ ಮಾಡದವರನ್ನಲ್ಲವೇ?

ಆದುದರಿಂದ ಗುಮ್ಮಟದ ಮಾಫಿಯನ್ನು ಕೇಳಿ ಬರುವ ಪ್ರತಿಯೊಬ್ಬರ ಮುಂದೆ ಮೂರು ಕರಾರುಗಳನ್ನು ಇಡಬೇಕು. ಪ್ರತಿ ಕಂತಿನ ಸೀಳುಕಣಗಳ ಲೆಕ್ಕವೂ ತಿರಸ್ಕೃತ ಕಂತುಗಳ ಲೆಕ್ಕವೂ ಆಯಾ ವರ್ಷವೇ ಪ್ರಕಟವಾಗಬೇಕು. ಮಾಡಿದವರ ಸಂಬಳವನ್ನು ತಿನ್ನದ ಪರೀಕ್ಷಾಲಯವೊಂದು ತಾನೇ ಆರಿಸಿದ ಗೋಲಗಳನ್ನು ಸುಟ್ಟು ನೋಡಬೇಕು. ಕಾರ್ಖಾನೆಯು ಕೈಬದಲಾಯಿಸಿದಾಗಲಾಗಲಿ, ಕುಲುಮೆಯ ಗಾತ್ರವನ್ನು ಹೆಚ್ಚಿಸಿದಾಗಲಾಗಲಿ, ಹಳೆಯ ಒಪ್ಪಿಗೆಯು ರದ್ದಾಗಿ ಹೊಸ ಕಣಗಳು ಹೊಸದಾಗಿ ರಿಯಾಕ್ಟರಿನಲ್ಲಿ ಉರಿದು ತೋರಿಸಬೇಕು. ಇವುಗಳನ್ನು ಒಪ್ಪದವರು ಕಾಂಕ್ರೀಟನ್ನು ಕಟ್ಟಲಿ; ಅದರ ವೆಚ್ಚವು ಎಷ್ಟೆಂದು ಅವರೇ ಬಹಳ ಕಾಲದಿಂದ ಲೆಕ್ಕಹಾಕಿಟ್ಟಿದ್ದಾರೆ.

ಯೂಲಿಚ್‌ನ ಆ ಹಳೆಯ ರಿಯಾಕ್ಟರಿನ ಪಾತ್ರೆಯು ಒಳಗೆ ಮಲಿನವಾಗಿದ್ದುದರಿಂದ ಅದನ್ನು ಕತ್ತರಿಸಲಾಗದೆ, ಹಗುರ ಕಾಂಕ್ರೀಟನ್ನು ಒಳಗೆ ತುಂಬಿ, ಎರಡು ಸಾವಿರ ಟನ್ನಿಗೂ ಮಿಕ್ಕ ಆ ಭಾರವನ್ನು ಹಾಗೆಯೇ ಎತ್ತಿ, 2015ರಲ್ಲಿ ಪಕ್ಕದಲ್ಲಿ ಕಟ್ಟಿದ ಹೊಸ ಮನೆಗೆ ಸಾಗಿಸಿದರು. ಅದರಿಂದ ತೆಗೆದ ಸುಮಾರು 2 ಲಕ್ಷ 90 ಸಾವಿರ ಗೋಲಗಳನ್ನು 152 ಪೀಪಾಯಿಗಳಲ್ಲಿ ತುಂಬಿಟ್ಟರು. ಅವುಗಳನ್ನು ಎಲ್ಲಿಗೆ ಕಳುಹಿಸಬೇಕೆಂಬ ವ್ಯಾಜ್ಯವು ದೀರ್ಘಕಾಲ ಉರಿಯಿತು.